ಕುರಿ ತುಳಿದ ಏರಿ

ಕುರುಗೋಡಿನ ಗುಡ್ಡಗಳ ನೆತ್ತಿ ಆಗಷ್ಟೇ ಕೆಂಪಗಾಗುತ್ತಿದೆ. ಕೆಳಗಿನ ತಗ್ಗಿನಲ್ಲಿ ಏಳುತ್ತಿರುವ ಹೊಸ ಕೆರೆಯ ಏರಿಯ ಮೇಲೆ ಕುರಿಹಿಂಡೊಂದು ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ತಿರುಗಿ ಬರುತ್ತದೆ, ಮತ್ತೆ ಹೋಗುತ್ತದೆ. ತಿನ್ನಲು ಅಲ್ಲಿ ಒಂದು ಎಸಳು ಹುಲ್ಲಿಲ್ಲ. ಹಿಂದೆ ಕಂಬಳಿ ಹೊದ್ದು ಬರುವ ಜಡೆಪ್ಪ, "ಅಂಚಿಗೆ ನಡೀರಲೇ, ಬರೇ ನಡುವ ಎಷ್ಟಂತ ತುಳೀತೀರಿ!" ಎಂದು ಗದರುತ್ತಾರೆ.

ಅವರು ಕುರಿ ಮೇಯಿಸುತ್ತಿಲ್ಲ, ಮಣ್ಣು ಗಟ್ಟಿಯಾಗಲೆಂದು ತುಳಿಸಿ ಏರಿಗೆ ದಮ್ಮಸು ಹಾಕಿಸುತ್ತಿದ್ದಾರೆ. ಎಪ್ಪತ್ತೆರಡರ ಬರದ ಏಟು ಈ ಸೀಮೆ ಇನ್ನೂ ಮರೆತಿಲ್ಲ. ಬರ ಬಂದ ಮೇಲೆ ಗಂಜಿ ಹಂಚುವ ಬದಲು, ಬರುವ ಮೊದಲೇ ನೀರು ಹಿಡಿದಿಡೋಣ ಎಂದು ಸರ್ಕಾರ ಕೊಟ್ಟ ಹಣದಲ್ಲಿ ಮಳೆನೀರನ್ನು ನಿಲ್ಲಿಸಿ ನೆಲಕ್ಕೆ ಇಂಗಿಸುವ ಈ ಜಿನುಗು ಕೆರೆ ಏಳುತ್ತಿದೆ. ಆದರೆ ಮನೆ ಕಟ್ಟಿ ನೋಡು ಅನ್ನುವವರು ಎರೆಮಣ್ಣಿನಲ್ಲಿ ಕೆರೆ ಕಟ್ಟಿ ನೋಡಿಲ್ಲ. ಬಳ್ಳಾರಿಯಿಂದ ಬಂದ ರೋಲರ್ ಮೊದಲ ಮಳೆಗೇ ಮೊಣಕಾಲುದ್ದ ಹೂತುಹೋಯಿತು. ಎತ್ತು ಕಟ್ಟಿ ಎಳೆದು ಅದನ್ನು ವಾಪಸು ಕಳಿಸಿದ್ದೇ ಊರಿಗೆ ಒಂದು ದಿನದ ತಮಾಷೆ.

ಹಿಂದೆ ಊರ ಹಿರಿಯರು ಕೆರೆ ಕಟ್ಟುವಾಗ ದನ, ಕುರಿ ತುಳಿಸುತ್ತಿದ್ದರೆಂದು ಓವರ್‌ಸಿಯರ್ ವಿರೂಪಾಕ್ಷಪ್ಪ ಕೇಳಿ ಬಲ್ಲರು. ಅವರೇ ಜಡೆಪ್ಪನವರ ಹಟ್ಟಿಗೆ ನಡೆದುಹೋಗಿ ಕರೆತಂದರು. ಈಗ ಹೆಂಗಸರು ಮಣ್ಣು ಹೊತ್ತು ಹರಡುತ್ತಾರೆ, ನೀರು ಚಿಮುಕಿಸುತ್ತಾರೆ. ಮಾರನೆಯ ಬೆಳಿಗ್ಗೆ ಬಿಸಿಲೇರುವ ಮೊದಲು ಕುರಿಗಳು ತುಳಿಯುತ್ತವೆ. ಕೂಲಿ ಮಾತ್ರ ಒಬ್ಬರದು. "ಹಾಜರಿ ನನ್ನ ಹೆಸರಿಗ್ರಿ, ಕೆಲಸ ಅವುಗಳದು" ಎಂದು ಜಡೆಪ್ಪ ನಗುತ್ತಾರೆ.

ನಗುವಿನ ಹಿಂದೆ ನೋವೂ ಇದೆ. ಹಸಿಮಣ್ಣು ಗೊರಸಿನ ಸಂದಿಗೆ ಸೇರಿದರೆ ಹುಣ್ಣಾಗುತ್ತದೆ. ಹೆಂಡತಿ ದೊಡ್ಡಬಸಮ್ಮ ದಿನವೂ ಒಂದೊಂದೇ ಕಾಲೆತ್ತಿ ತೊಳೆದು ಬೇವಿನೆಣ್ಣೆ ಹಚ್ಚುತ್ತಾರೆ. ಗಬ್ಬದ ಕುರಿಗಳನ್ನು ಏರಿ ಹತ್ತಲು ಬಿಡುವುದಿಲ್ಲ. ಅದಕ್ಕಿಂತ ದೊಡ್ಡದು, ಈ ತಗ್ಗೇ ಅವರ ಹಿಂಡಿನ ಹುಲ್ಲುಗಾವಲು. ಕೆರೆ ತುಂಬಿದರೆ ಅದು ಮುಳುಗುತ್ತದೆ.

"ಮುಳುಗ್ಲಿ ಬಿಡ್ರಿ. ಮೇವು ಗುಡ್ಡದಾಗ ಸಿಗತೈತಿ, ನೀರು ಎಲ್ಲಿ ತರಾಣ? ಬ್ಯಾಸಿಗಿ ಬಂತಂದ್ರ ಸಿರಿಗೇರಿ ದಾಟಿ ರಾರಾವಿ ಹೊಳಿತನಕ ಹೊಡಕೊಂಡು ಹೋಗಬೇಕು. ದಾರಿಯಾಗ ಎಳೇ ಮರಿ ತಡೀತಾವೇನ್ರಿ? ಹೋದ ವರ್ಷ ಸತ್ತ ಮರೀನ ಹೆಗಲ ಮ್ಯಾಲ ಹಾಕ್ಕೊಂಡು ನಡದೀನಿ. ಅದರ ತಾಯಿ ಒದರಿಕೋಂತ ಬೆನ್ನಿಗೇ ಬರತಿತ್ತು."

ಹೇಳುತ್ತ ಜಡೆಪ್ಪನವರ ದನಿ ಸಣ್ಣಗಾಗುತ್ತದೆ.

ಈಗಿನ ಚಿಂತೆ ಬೇರೆ. ಅಲೆಗೆ ಮಣ್ಣು ಕೊಚ್ಚಿಹೋಗದಂತೆ ಏರಿಯ ಒಳಮೈಗೆ ಸೋಮವಾರದಿಂದ ಕಲ್ಲು ಹೊದಿಸುತ್ತಾರೆ. ಯೋಜನೆಯಲ್ಲಿ ಕೊಡ ಹೊತ್ತು ಇಳಿಯಲು ಮೆಟ್ಟಿಲುಗಳಿವೆ. ಕುರಿ ಇಳಿಯಲು ದಾರಿಯಿಲ್ಲ. ಆಚೆ ದಡದಲ್ಲಿ ಇಳಿಸೋಣವೆಂದರೆ ಅದೆಲ್ಲ ಕೆಸರು. ಎಳೆಮರಿ ಸಿಕ್ಕಿಬಿದ್ದರೆ ಮೇಲೇಳುವುದಿಲ್ಲ. ತುಳಿದು ಕಟ್ಟಿದ ಕೆರೆಯ ನೀರು ಕಣ್ಣೆದುರಿಗಿದ್ದೂ ರಾರಾವಿಯ ನಡಿಗೆ ತಪ್ಪುವುದಿಲ್ಲ.

"ಯೋಜನೆಯೊಳಗ ಇಳಿಜಾರು ಇಲ್ಲ ಜಡೆಪ್ಪ. ಸರ್ಕಾರದ ರೊಕ್ಕ, ನನ್ನ ಮನಸ್ಸಿಗೆ ಬಂದಂಗ ಬದಲು ಮಾಡಾಕ ಬರೂದಿಲ್ಲ. ಬಳ್ಳಾರಿಗೆ ಬರದೀನಿ, ಉತ್ತರ ಬರಲಿ" ಎನ್ನುತ್ತಾರೆ ವಿರೂಪಾಕ್ಷಪ್ಪ.

"ದೇವ್ರು ವರ ಕೊಟ್ರೂ ಪೂಜಾರಿ ಕೊಡವಲ್ಲ ಅಂದಂಗಾತು ನೋಡ್ರಿ" ಎಂದು ದೊಡ್ಡಬಸಮ್ಮ ಮುಖದೆದುರೇ ಆಡುತ್ತಾರೆ. ಓವರ್‌ಸಿಯರ್ ಸಿಟ್ಟಾಗುವುದಿಲ್ಲ. ಅವರೂ ನಗುತ್ತಾರೆ, ಆದರೆ ಆ ನಗು ಬೇಗ ಆರುತ್ತದೆ.

ಬಿಸಿಲೇರುತ್ತಲೇ ಹಿಂಡು ಏರಿಯ ಒಳಮೈಯಿಂದ ತಗ್ಗಿಗೆ ಇಳಿಯುತ್ತದೆ. ದಿನವೂ ಇಳಿಯುವುದು ಒಂದೇ ಕಡೆ, ಬೇವಿನ ಮರದ ನೇರಕ್ಕೆ. ತುಳಿದು ತುಳಿದು ಅಲ್ಲೊಂದು ನುಣ್ಣನೆಯ ಇಳಿಜಾರು ತಾನಾಗಿ ಮೂಡಿದೆ. ವಿರೂಪಾಕ್ಷಪ್ಪ ಅದನ್ನೇ ನೋಡುತ್ತ ನಿಲ್ಲುತ್ತಾರೆ. ಬಳಿಕ ಕಲ್ಲು ಇಳಿಸುತ್ತಿದ್ದ ಮೇಸ್ತ್ರಿಯನ್ನು ಕೂಗಿ ಹೇಳುತ್ತಾರೆ: "ಕಲ್ಲಿನ ಕೆಲಸ ಎರಡೂ ತುದಿಯಿಂದ ಶುರು ಮಾಡ್ರಿ. ಬೇವಿನ ಮರದ ನೇರ ಇರೋ ಜಾಗ ಎಲ್ಲಾದಕ್ಕಿಂತ ಕಡೀಗೆ. ಅಷ್ಟರಾಗ ಉತ್ತರ ಬರ್ತೈತಿ. ಬರದಿದ್ರ ನಾನ ಬಳ್ಳಾರಿಗೆ ಹೋಗಿ ಕುಂತು ತರ್ತೀನಿ."

ಜಡೆಪ್ಪ ಕೈಮುಗಿಯುತ್ತಾರೆ. ಆಮೇಲೆ ಕಾಲಿಗೆ ತೊಡರಿದ ಮರಿಯೊಂದನ್ನು ಎತ್ತಿ ಹೆಗಲಿಗೇರಿಸಿಕೊಳ್ಳುತ್ತಾರೆ. ಈ ಮರಿ ಜೀವಂತವಾಗಿದೆ, ಅವರ ಕಿವಿ ಕಚ್ಚುತ್ತಿದೆ.

"ಕೆರಿಗೆ ನಮ್ಮ ಹೆಸರು ಬ್ಯಾಡ್ರಿ" ಎನ್ನುತ್ತಾರೆ. "ನಾಳೆ ಇವು ನೀರಿಗೆ ಇಳಿದಾಗ ಯಾರೂ ಕಲ್ಲು ಒಗದು ಓಡಿಸಬಾರದು, ಅಷ್ಟ. ಈ ಏರಿ ಕಟ್ಟಿದವರು ಈ ಕುರಿಗಳೇ ಅಂತ ಒಬ್ಬರಿಗೆ ನೆನಪಿದ್ರ ಸಾಕು."