ಚಿಕ್ಕಮಾದು ಸವರಿದ ದಾರಿ

ತಾಲ್ಲೂಕು ಕಚೇರಿಯ ಸರ್ವೆ ಶಾಖೆಯಲ್ಲಿ ಬಾಂದು ಜವಾನ ಅಂತ ಒಂದು ಹುದ್ದೆ ಇದೆ. ಜಮೀನು ಜಗಳ ಇಲ್ಲದ ಮನೆಯವರಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. ನಂಜನಗೂಡಿನ ಆಸುಪಾಸಿನಲ್ಲಿ ಅಂಥ ಮನೆಗಳು ಹೆಚ್ಚಿಲ್ಲವಾದ್ದರಿಂದ ಚಿಕ್ಕಮಾದುವನ್ನು ಅರಿಯದವರು ಕಡಿಮೆ. ಸರ್ವೆಯರು ಅಳೆಯುವಾಗ ಸರಪಳಿಯ ಇನ್ನೊಂದು ತುದಿ ಹಿಡಿಯುವವನು, ಅಡ್ಡ ಬಂದ ಗಿಡಗಂಟಿ ಸವರಿ ಎದುರಿನ ಕೋಲು ಕಾಣುವಂತೆ ಮಾಡುವವನು, ಕೊನೆಗೆ ಗುಂಡಿ ತೋಡಿ ಗಡಿಕಲ್ಲು ನೆಡುವವನು ಅವನೇ. ಸರ್ವೆಯರು ಜೀಪು ಹತ್ತಿ ಹೊರಟ ಮೇಲೆ ಸೋತ ಕಡೆಯವರ ಬೈಗುಳ ತಿನ್ನುವವನೂ ಅವನೇ.

ತಗಡೂರಿನ ಕಡೆಯವನು. ಇಪ್ಪತ್ತೆರಡಕ್ಕೆ ದಿನಗೂಲಿಯಾಗಿ ಸೇರಿದ, ಖಾಯಂ ಆಗುವ ಹೊತ್ತಿಗೆ ತಲೆ ಅರ್ಧ ನರೆತಿತ್ತು. ನಡುವೆ ಆರು ವರ್ಷ ತಿ. ನರಸೀಪುರಕ್ಕೆ ಹಾಕಿದ್ದರು. ಅಲ್ಲಿ ಸೋಮನಾಥಪುರದ ಬಯಲಿನಲ್ಲಿ ಒಂದು ದಿನ ಅಣ್ಣತಮ್ಮಂದಿರ ಭಾಗ ಅಳೆದು ಕಲ್ಲು ನೆಟ್ಟಾಗ, ತಮ್ಮನ ಹೆಂಡತಿ ಬೊಗಸೆ ತುಂಬ ಮಣ್ಣು ತೆಗೆದು ಅವನ ಮುಖಕ್ಕೆ ತೂರಿದ್ದಳು. ಅಳೆದದ್ದು ಸರ್ವೆಯರು, ಪಾಲು ಬರೆದದ್ದು ಕೋರ್ಟು, ಮಣ್ಣು ಮಾತ್ರ ಚಿಕ್ಕಮಾದುವಿನ ಕಣ್ಣಿಗೆ. ಮುಖ ತೊಳೆದುಕೊಂಡು ಬಂದು ಉಳಿದ ಮೂರು ಕಲ್ಲನ್ನೂ ನೆಟ್ಟ. ಅವನು ಜೀವಮಾನದಲ್ಲಿ ನೆಟ್ಟ ಕಲ್ಲುಗಳಲ್ಲಿ ಅರ್ಧಕ್ಕರ್ಧ ಈಗ ಯಾರಯಾರದೋ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿವೆ. ಅದು ಅವನಿಗೂ ಗೊತ್ತು. ಕೇಳಿದರೆ ‘ಒಗ್ಕಳ್ಳಿ ಬುಡಿ’ ಅನ್ನುತ್ತಾನೆ. ಮೂವತ್ತೇಳು ವರ್ಷದಲ್ಲಿ ಅವನಿಗೆ ಬೇಸರ ಹೋಗಿ ದಣಿವು ಬಂದಿತ್ತು, ಮಂಡಿ ಸವೆದಿತ್ತು, ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು.

ಊರಿಗೂ ಕಪಿಲೆಗೂ ನಡುವೆ, ಹೊಸ ಬಡಾವಣೆಯ ಕೊನೆಯ ಬೀದಿ ಮುಗಿದಲ್ಲಿಂದ ಹೊಳೆಯ ತನಕ ಉಳುಮೆಗೆ ಬಾರದ ನಲವತ್ತು ಎಕರೆ ಸರ್ಕಾರಿ ಖರಾಬು ಜಾಗವಿದೆ. ಜನ ಜೊಂಡುಗುಳಿ ಅನ್ನುತ್ತಾರೆ. ಮಳೆಗಾಲದಲ್ಲಿ ಹೊಳೆ ಒಳಗೆ ನುಗ್ಗುತ್ತದೆ, ಬೇಸಗೆಯಲ್ಲಿ ಅಲ್ಲಲ್ಲಿ ನೀರು ನಿಂತು ಜೊಂಡು ಆಳೆತ್ತರ ಬೆಳೆಯುತ್ತದೆ. ಉಳಿದದ್ದೆಲ್ಲ ಲಂಟಾನ, ಹೊಂಗೆ, ಕೊಕ್ಕರೆ, ನೀರುಕೋಳಿ. ಹನ್ನೊಂದು ವರ್ಷದ ಹಿಂದೆ ಒತ್ತುವರಿ ಅಳತೆಗೆ ಬಂದಾಗ ಚಿಕ್ಕಮಾದು ದಂಡೆಯ ಹೊಳೆಮತ್ತಿ ಮರದ ಬುಡದಲ್ಲಿ ನೀರುನಾಯಿಗಳನ್ನು ಕಂಡ. ಬೇರುಗಳ ನಡುವಿನ ಪೊಟರೆಯಿಂದ ಒಂದರ ಹಿಂದೊಂದು ಐದು ಹೊರಬಂದು, ಮೀನು ಕಚ್ಚಿಕೊಂಡು, ಒಂದರ ಮೇಲೊಂದು ಬಿದ್ದು ಆಡಿದವು. ಸರ್ವೆಯರು ಕೂಗುವ ತನಕ ಅವನು ಕೋಲು ಹಿಡಿದು ನಿಂತೇ ಇದ್ದ.

ಮರುದಿನ ಬೆಳಗ್ಗೆ ಕಚೇರಿಗೆ ಮುಂಚೆ ತಾನೊಬ್ಬನೇ ಹೋದ. ಅದರ ಮರುದಿನವೂ. ಆಮೇಲೆ ಅದೇ ಅಭ್ಯಾಸವಾಯಿತು. ಊರಿಗೆಲ್ಲ ಗಡಿ ಹಾಕುವವನಿಗೆ ಯಾರ ತಕರಾರೂ ಇಲ್ಲದ ಒಂದು ಜಾಗ ಸಿಕ್ಕಿತ್ತು. ಅರ್ಧ ಗಂಟೆ ಕೂತು ಎದ್ದು ಬಂದರೆ ಆ ದಿನದ ಬೈಗುಳ ತಡೆದುಕೊಳ್ಳುವ ಶಕ್ತಿ ಬರುತ್ತಿತ್ತು. ಈ ವಿಷಯ ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಮನೆಯಲ್ಲಿಯೂ ಹೇಳಲಿಲ್ಲ. ಮೇಲ್ದಂಡೆಯ ಒಂದೂರಿನಲ್ಲಿ ಬಲೆ ಹರಿದವೆಂಬ ಸಿಟ್ಟಿಗೆ ಒಂದು ನೀರುನಾಯಿಯನ್ನು ಬಡಿದು ದಂಡೆಗೆ ಎಸೆದಿದ್ದನ್ನು ಅವನು ನೋಡಿದ್ದ. ಮಾತು ಒಂದು ಬಾಯಿಂದ ಹೊರಬಿದ್ದರೆ ಸಂತೆಗೆ ಬಿದ್ದ ಹಾಗೆಯೇ ಅಂತ ಅವನ ಲೆಕ್ಕ.

ಅವನು ಮಾಡಿದ ತಪ್ಪು ಒಂದೇ. ಹೋಗಿಬರಲು ಮುಳ್ಳು ಅಡ್ಡ ಬಂದಾಗ ಕುಡುಗೋಲು ತೆಗೆದುಕೊಂಡು ಹೋದ. ಬೇರೆ ಯಾರಾದರೂ ಆಗಿದ್ದರೆ ಮೈ ತೂರುವಷ್ಟು ಸಂದು ಮಾಡಿಕೊಂಡು, ಗಿಡ ಬಂದಲ್ಲಿ ಬಳಸಿ, ಹೇಗೋ ನುಸುಳಿ ಹೋಗುತ್ತಿದ್ದರು. ಇವನ ಕೈ ಹಾಗೆ ಪಳಗಿದ್ದಲ್ಲ. ಹಳೆಯ ಪಂಪ್‌ಹೌಸಿನ ಮೂಲೆಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಹೊಳೆಮತ್ತಿಯ ಬುಡಕ್ಕೆ ಗುರಿ ಹಿಡಿದು, ಅಳತೆಗೆ ಸವರುವ ಹಾಗೆಯೇ ಸವರಿದ. ವರ್ಷಕ್ಕೆ ಎರಡು ಸಲ ಚಿಗುರನ್ನೂ ತೆಗೆದ. ಮಳೆಗಾಲದಲ್ಲಿ ಕೆಸರಾಗುವ ಕಡೆ, ಕಚೇರಿಯ ಹಿಂದೆ ಬಿದ್ದಿದ್ದ ಮುರುಕು ಗಡಿಕಲ್ಲುಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದು ಹೆಜ್ಜೆಗೊಂದರಂತೆ ಹೂತ. ಹನ್ನೊಂದು ವರ್ಷದಲ್ಲಿ ಅದು ಅಚ್ಚುಕಟ್ಟಾದ ದಾರಿಯೇ ಆಗಿಹೋಯಿತು. ಹಾಗಾಯಿತೆಂದು ಅವನೊಬ್ಬನಿಗೆ ಮಾತ್ರ ಅನ್ನಿಸಲಿಲ್ಲ.

ಅನ್ನಿಸಿದ್ದು ಪವಿತ್ರಾಗೆ. ಜೊಂಡುಗುಳಿಯೊಳಗೆ ಜನ ನಡೆಯಲು, ಸೈಕಲ್ ತುಳಿಯಲು ಹಾದಿ ಮಾಡಬೇಕೆಂದು ನಗರಸಭೆಯಲ್ಲಿ ತೀರ್ಮಾನವಾಗಿ, ಅದರ ನಕ್ಷೆ ಮಾಡಲು ಮೈಸೂರಿನಿಂದ ಬಂದ ಹುಡುಗಿ. ಒಳ್ಳೆಯವಳು. ಪೊದೆಯೊಳಗೆ ಚಪ್ಪಲಿ ಕಿತ್ತುಹೋದರೂ ಬರಿಗಾಲಲ್ಲಿ ನಡೆದವಳು. ಒಂದು ಮರವನ್ನೂ ಕಡಿಯಬಾರದು, ಜನ ಮೊದಲಿಂದ ನಡೆದ ಜಾಗದಲ್ಲೇ ಹಾದಿ ಹೋಗಬೇಕು ಎಂಬುದು ಅವಳ ಹಟ. ಹಟ ಸರಿಯಾದದ್ದೇ, ಅದಕ್ಕೇ ಕಷ್ಟ. ಒಂದು ದಿನ ಸರ್ವೆ ಶಾಖೆಯ ಮೇಜಿನ ಮೇಲೆ ಡ್ರೋನ್‌ನಲ್ಲಿ ತೆಗೆದ ದೊಡ್ಡ ಚಿತ್ರ ಹಾಸಿ ಸರ್ವೆಯರು ಮಹೇಂದ್ರನಿಗೆ ತೋರಿಸಿದಳು.

“ನೋಡಿ ಸರ್, ಆಗಲೇ ದಾರಿ ಇದೆ. ಎಷ್ಟು ನೀಟಾಗಿದೆ! ಇದನ್ನೇ ಎರಡೂವರೆ ಮೀಟರ್ ಅಗಲ ಮಾಡಿದ್ರೆ ಸಾಕು. ಕೊನೇಲಿ ಈ ಮರದ ಬುಡದಲ್ಲಿ ಹೊಳೆ ನೋಡೋಕೆ ಒಂದು ಕಟ್ಟೆ.”

ಫೈಲು ಹಿಡಿದು ಹಿಂದೆ ನಿಂತಿದ್ದ ಚಿಕ್ಕಮಾದು ಬಗ್ಗಿ ನೋಡಿದ. ಹಸುರಿನ ನಡುವೆ ತನ್ನ ದಾರಿ ಬಿಳಿ ಎಳೆಯಾಗಿ ಕಂಡಿತು. ಫೈಲನ್ನು ಮೇಜಿನ ಅಂಚಿಗಿಟ್ಟು ಹಿಂದೆ ಸರಿದ. ಮಾತಾಡಿದರೆ ಯಾಕೆ ಸವರಿದೆ ಅಂತ ಕೇಳುತ್ತಾರೆ, ನೀರುನಾಯಿಯ ಸುದ್ದಿ ಊರೆಲ್ಲ ಹರಡುತ್ತದೆ. ಕಲ್ಲು ಎಲ್ಲಿಂದ ಬಂತು ಅಂತಲೂ ಕೇಳುತ್ತಾರೆ, ಅದಕ್ಕೂ ಉತ್ತರವಿಲ್ಲ.

ಮುಂದಿನ ವಾರ ತನ್ನದೇ ದಾರಿಯ ಎರಡು ಬದಿಗೂ ಗೂಟ ಹೊಡೆಯುವ ಕೆಲಸ ಅವನಿಗೇ ಬಂತು. ಮೂರು ದಿನ ಹೊಡೆದ. ಒಂದೊಂದು ಏಟಿಗೂ ಮರದ ಕಡೆ ನೋಡುತ್ತಿದ್ದ. ಆ ಮೂರು ದಿನವೂ ನೀರುನಾಯಿಗಳು ಹೊರಗೆ ಬರಲಿಲ್ಲ.

“ಯಾಕೆ ಚಿಕ್ಕಮಾದಣ್ಣ, ಮೈ ಉಸಾರಿಲ್ವಾ?” ಎಂದ ಮಹೇಂದ್ರ. “ಇನ್ನೆರಡು ತಿಂಗ್ಳು ತಾನೇ. ಗೂಟ ಮುಗ್ಸಿ ಆರಾಮಾಗಿ ಮನೇಲಿರಿ.”

“ಊ ಸಾ,” ಎಂದು ಚಿಕ್ಕಮಾದು ಸುತ್ತಿಗೆ ಎತ್ತಿದ. ದಣಿದವನಿಗೆ ಹೂಂ ಅನ್ನುವುದು ಸುಲಭ, ಮೂವತ್ತೇಳು ವರ್ಷ ಅವನು ಅನ್ನುತ್ತ ಬಂದದ್ದೂ ಅದನ್ನೇ.

ಸೋಮವಾರ ಮಹಜರು ಇಟ್ಟರು. ಜನ ಮೊದಲಿಂದ ನಡೆದು ಬಂದ ರೂಢಿ ದಾರಿ ಇದು ಅಂತ ಸ್ಥಳದಲ್ಲೇ ಬರೆದು, ಅಕ್ಕಪಕ್ಕದ ಹಿರಿಯರು ಸಹಿ ಹಾಕಿದರೆ ಕಾಗದ ಮುಗಿದಂತೆ. ಪಂಪ್‌ಹೌಸಿನ ನೆರಳಲ್ಲಿ ಹತ್ತು ಜನ ಸೇರಿದ್ದರು. ಎಂಬತ್ತು ದಾಟಿದ ಕಲ್ಲಯ್ಯನವರಿಗೆ ಕುರ್ಚಿ ಹಾಕಿದ್ದರು. ಊರಿನ ಯಾವ ಮಹಜರೂ ಅವರಿಲ್ಲದೆ ನಡೆದದ್ದಿಲ್ಲ. ಯಾವುದನ್ನು ಕೇಳಿದರೂ ಅವರ ತಾತನ ಕಾಲದಿಂದ ಇದ್ದದ್ದೇ.

“ನಮ್ ತಾತ ಇದೇ ದಾರೀಲಿ ಎಮ್ಮೆ ಒಡ್ಕಂಡು ಒಳೆಗೋಗ್ತಿದ್ದ ಕಣಪ್ಪಾ,” ಎಂದರು ಕಲ್ಲಯ್ಯ. “ಈ ಕಲ್ನೆಲ್ಲ ಆಸಿದ್ದೂ ಅವ್ನೇ. ಬರ್ಕೊ, ಬರ್ಕೊ.”

ಮಹೇಂದ್ರ ಬರೆದುಕೊಂಡ. ಮೂವರು ಸಹಿ ಹಾಕಿದರು. ಗೂಟ ಹೊಡೆದವನೆಂದು ಕೊನೆಯಲ್ಲಿ ಚಿಕ್ಕಮಾದುವೂ ಹಾಕಬೇಕಿತ್ತು. ಪೆನ್ನು ಕೈಗೆ ಬಂತು. ಮೂವತ್ತೇಳು ವರ್ಷ ಅವನು ಯಾರ ಜಮೀನಿನಲ್ಲೂ ಹೀಗಲ್ಲ ಹಾಗೆ ಅಂದವನಲ್ಲ. ಕಾಗದ ನೋಡಿದ, ಮರ ನೋಡಿದ, ಪೆನ್ನನ್ನು ಮಹೇಂದ್ರನಿಗೆ ಹಿಂದಕ್ಕೆ ಕೊಟ್ಟ.

“ಇದು ರೂಢಿ ದಾರಿ ಅಲ್ಲ ಸಾ. ನಾನು ಸವರಿದ್ದು.”

ಯಾರಿಗೂ ಅರ್ಥವಾಗಲಿಲ್ಲ. ಕಲ್ಲಯ್ಯನವರು ಕೋಲು ನೆಲಕ್ಕೆ ಕುಟ್ಟಿದರು. “ಏನ್ಲಾ, ತಲೆ ಕೆಟ್ಟಿದ್ದದಾ? ನಮ್ ತಾತ ನಡ್ದ ದಾರೀನ ನಂದು ಅಂತೀಯಲ್ಲಾ!”

“ಬಯ್ಯಿ ಬುದ್ಧಿ, ಬೈಸ್ಕತೀನಿ. ಆದ್ರೆ ಎಮ್ಮೆ ಒಡ್ಕಂಡೋಗೋನು ಇಷ್ಟು ನೆಟ್ಟಗೆ ನಡ್ದಾನಾ?” ಚಿಕ್ಕಮಾದು ಪವಿತ್ರಾಳ ಕಡೆ ತಿರುಗಿದ. “ಇಲ್ಲಿ ಬನ್ನಿ ಮೇಡಂ, ಈ ಮೂಲೇಲಿ ನಿಂತ್ಕಂಡು ಒಂದು ಕಣ್ಣು ಮುಚ್ಚಿ ನೋಡಿ. ಜನ ನಡ್ದ ದಾರಿ ಗಿಡ ಬಂದ್ರೆ ಬಳಸ್ತದೆ, ಗುಂಡಿ ಬಂದ್ರೆ ಬಳಸ್ತದೆ. ಇದು ಎಲ್ಲಾದ್ರೂ ಬಳಸ್ತದಾ? ಮುನ್ನೂರೈವತ್ತು ಮೀಟ್ರು, ಒಂದು ಗೇಣು ಡೊಂಕಿಲ್ಲ. ನನ್ ಕೈಗೆ ಡೊಂಕು ಸವರಾಕೆ ಬರಾಕಿಲ್ಲ.”

ಪವಿತ್ರಾ ನಿಂತು ನೋಡಿದಳು. ಒಂದು ಕಣ್ಣು ಮುಚ್ಚಿದಳು, ತೆರೆದಳು. ಚಿತ್ರದಲ್ಲಿ ಅಚ್ಚುಕಟ್ಟು ಅನ್ನಿಸಿದ್ದು ನೆಲದ ಮೇಲೆ ಬೇರೆಯೇ ಕಂಡಿತು. ಚಿಕ್ಕಮಾದು ಕೂತು, ಹತ್ತಿರದ ಕಲ್ಲಿನ ಮಣ್ಣು ಉಜ್ಜಿ ತೋರಿಸಿದ. ಕಲ್ಲಿನ ನೆತ್ತಿಯ ಮೇಲೆ ಸರ್ಕಾರದ ಗಡಿಗುರುತು ಕೊರೆದಿತ್ತು. ಕಲ್ಲಯ್ಯನವರು ಬಗ್ಗಿ ನೋಡಿ, ತಾತನ ವಿಷಯ ಬಿಟ್ಟು, ಬಿಸಿಲು ಜಾಸ್ತಿಯಾಯಿತೆಂದು ಎದ್ದರು.

“ಆ ಕಲ್ಲಿನ ವಿಚಾರ ನನ್ ಕಿವಿಗೆ ಬಿದ್ದಿಲ್ಲ,” ಎಂದು ಮಹೇಂದ್ರ ಮೆಲ್ಲಗೆ ಹೇಳಿ ಕಾಗದ ಮಡಿಚಿದ.

“ಆದ್ರೆ ಯಾಕೆ ಸವರಿದ್ರಿ?” ಎಂದಳು ಪವಿತ್ರಾ.

ನೆರೆದವರು ಚದುರಿದ ಮೇಲೆ ಚಿಕ್ಕಮಾದು ಅವಳೊಬ್ಬಳನ್ನೇ ಮರದ ತನಕ ಕರೆದುಕೊಂಡು ಹೋದ. ಹೊತ್ತೇರಿದ್ದರಿಂದ ನೀರುನಾಯಿ ಕಾಣಲಿಲ್ಲ. ಹಸಿ ಕೆಸರಲ್ಲಿ ಹೆಜ್ಜೆ ಇದ್ದವು, ಬೇರಿನ ಮೇಲೆ ಮೀನಿನ ಹುರುಪೆ ಅಂಟಿತ್ತು, ಪೊಟರೆಯ ಬಾಯಿ ಒದ್ದೆಯಾಗಿತ್ತು. ಒಳಗಿನಿಂದ ಮರಿಗಳ ಸಣ್ಣ ಕೀಚಲು ದನಿ ಕೇಳಿಸಿತು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. ಕಟ್ಟೆ ಹಾಕಬೇಕೆಂದಿದ್ದ ಜಾಗ ಅದೇ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಚಿಕ್ಕಮಾದು ಇನ್ನೊಬ್ಬರಿಗೆ ಆ ಕಥೆಯನ್ನು ಪೂರ್ತಿ ಹೇಳಿದ. ಹೇಳಿ ಮುಗಿದಾಗ ಅವನಿಗೆ ಹಗುರವೂ ಆಯಿತು, ಭಯವೂ ಆಯಿತು.

ಯಾರಿಗೂ ಹೇಳುವುದಿಲ್ಲ ಎಂದು ಪವಿತ್ರಾ ಮಾತು ಕೊಟ್ಟಳು, ಉಳಿಸಿಕೊಂಡಳು. ಹದಿನೈದು ದಿನದಲ್ಲಿ ನಕ್ಷೆ ಬದಲಾಯಿತು. ಹಾದಿ ಜೊಂಡುಗುಳಿಯ ಒಳಗೆ ಹೋಗದೆ ಹೊರಸುತ್ತಿನ ನಾಲೆ ಏರಿಯ ಮೇಲೆ ಹೋಗುವುದು, ಹೊಳೆಯ ಬದಿಯ ಹದಿನೆಂಟು ಎಕರೆಗೆ ಯಾರೂ ಕಾಲಿಡದಿರುವುದು. ಯಾಕೆಂಬ ಕಡೆಯಲ್ಲಿ ‘ಸೂಕ್ಷ್ಮ ಜಾಗ’ ಎಂದಷ್ಟೇ ಬರೆದಳು, ಪ್ರಾಣಿಯ ಹೆಸರು ಹಾಕಲಿಲ್ಲ. ಸುದ್ದಿ ಕೇಳಿ ಚಿಕ್ಕಮಾದು ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಕಣ್ಣು ತುಂಬಿ ಬಂತು. ತಾನು ಆಡಿದ ಮಾತಿಗೆ ಒಂದು ಗಡಿ ಬದಲಾದದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಮುಚ್ಚುವ ಕೆಲಸವೂ ಅವನದ್ದೇ. ಹಳೆಯ ಗೂಟಗಳನ್ನು ಕಿತ್ತ, ಹೂತ ಕಲ್ಲುಗಳನ್ನು ಹಾರೆ ಹಾಕಿ ಎಬ್ಬಿಸಿದ, ಜಾಲಿ ಮುಳ್ಳು ಕಡಿದು ತಂದು ದಾರಿಯ ಬಾಯಿಗೆ ಒಟ್ಟಿದ. ಪವಿತ್ರಾ ಪಕ್ಕದಲ್ಲಿ ನಿಂತಿದ್ದಳು.

“ಮೂರು ಮಳೆಗಾಲ ಯಾರೂ ತುಳೀದಿದ್ರೆ ತಾನಾಗೇ ಮುಚ್ಕೊಳ್ಳುತ್ತೆ,” ಎಂದಳು.

“ನಾನು ಬೆಳಗೊತ್ತು ಒಂದ್ ಗಳಿಗೆ...” ಎಂದು ಚಿಕ್ಕಮಾದು ನಿಲ್ಲಿಸಿದ.

ಅವಳು ಜಾರಿದ್ದ ಒಂದು ಮುಳ್ಳುಕೊಂಬೆಯನ್ನು ಎತ್ತಿ ಮೇಲಿಟ್ಟಳು. ಆಮೇಲೆ, “ಬೇಡ ಚಿಕ್ಕಮಾದಪ್ಪ,” ಎಂದಳು. “ನೀವು ನಡೆದ್ರೆ ಅದು ದಾರಿಯಾಗಿಬಿಡುತ್ತೆ. ಒಂದ್ಸಲ ಆಗಿದ್ಯಲ್ಲ.”

ಅವಳು ಹೇಳಿದ್ದು ನಿಜ. ಅವನು ಇನ್ನೊಂದು ಹೊರೆ ಮುಳ್ಳು ತಂದು ಮೇಲೆ ಹಾಕಿದ.

ಮರುದಿನ ಐದಕ್ಕೆ ಎಚ್ಚರವಾಯಿತು. ಎದ್ದು ಜಗಲಿಯ ಮೇಲೆ ಕೂತ. ಆರಾಯಿತು, ಏಳಾಯಿತು. ಹೆಂಡತಿ ದೊಡ್ಡತಾಯಮ್ಮ ಕಾಫಿ ಕೈಗೆ ಕೊಟ್ಟು, “ಇವತ್ತೇನು ಒಳೆ ಕಡೆ ಓಗ್ನಿಲ್ವಾ?” ಎಂದಳು. ಬೆಳಗ್ಗೆ ಹೊಳೆಯಲ್ಲಿ ಮುಳುಗು ಹಾಕಿ ದೇವಸ್ಥಾನಕ್ಕೆ ಹೋಗಿಬರುತ್ತಾನೆಂದು ಅವಳು ಇಷ್ಟು ವರ್ಷ ಬೀದಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಳು. ಅವನು ಎಲ್ಲವನ್ನೂ ಹೇಳಿದ. ಐದು ನೀರುನಾಯಿಗಳು, ವರ್ಷಕ್ಕೊಮ್ಮೆ ಹುಟ್ಟುವ ಮರಿಗಳು, ಅವುಗಳಿಗೆ ತಾಯಿ ಈಜು ಕಲಿಸುವ ಪರಿ, ಕೊನೆಗೆ ತಾನೇ ಕೈಯಾರೆ ಒಟ್ಟಿದ ಮುಳ್ಳು. ಬೈಯುತ್ತಾಳೆಂದು ತಲೆ ತಗ್ಗಿಸಿ ಕಾದ. ಅವಳು ಬೈಯಲಿಲ್ಲ.

“ಮರಿಗೆ ಈಜು ಕಲಿಸ್ತದಾ?” ಎಂದಳು.

“ಊ ಕಣಮ್ಮಿ. ಕತ್ತು ಕಚ್ಕಂಡು ನೀರಿಗಾಕ್ತದೆ. ಅದು ಬ್ಯಾಡ ಬ್ಯಾಡ ಅಂತ ಅರಚ್ಕತದೆ.”

ದೊಡ್ಡತಾಯಮ್ಮ ನಕ್ಕಳು. ನಗುತ್ತಲೇ ಅವಳ ಮುಖ ಬೇರೆಯಾಯಿತು. “ಅನ್ನೊಂದು ವರ್ಸ,” ಎಂದಳು. “ಒಂದ್ಸಲನಾದ್ರೂ ನನ್ನ ಕರ್ಕಂಡೋಗಿ ತೋರ್ಸಬೌದಾಗಿತ್ತಲ್ಲ.”

ಯಾರಿಗೂ ಹೇಳಬಾರದು ಅಂದುಕೊಂಡಾಗ ಆ ಯಾರಲ್ಲಿ ಇವಳೂ ಸೇರಿದ್ದಳೆಂಬುದು ಅವನಿಗೆ ಈಗ ಹೊಳೆಯಿತು. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.