ಬೆಳ್ಯಪ್ಪ ಮಾಸ್ಟ್ರು ಎದೆ ಒತ್ತಿದ ಸಂಜೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆರೇಳು ವರ್ಷವಾಗಿದ್ದಾಗ ನನ್ನನ್ನು ನಾಪೋಕ್ಲು ಕಡೆಯ ಒಂದು ಸರ್ಕಾರಿ ಡಿಸ್ಪೆನ್ಸರಿಗೆ ಅಸಿಸ್ಟೆಂಟ್ ಸರ್ಜನ್ ಆಗಿ ಹಾಕಿದರು. ಹುದ್ದೆಯ ಹೆಸರು ದೊಡ್ಡದು, ಅಲ್ಲಿದ್ದದ್ದು ಒಬ್ಬ ಕಾಂಪೌಂಡರ್, ಒಬ್ಬ ದಾದಿ, ಎರಡು ಬೆಂಚು. ಸುತ್ತಲಿನ ಹೈಸ್ಕೂಲುಗಳ ಮಕ್ಕಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ಕೆಲಸವೂ ನನ್ನ ತಲೆಗೇ ಬಂದಿತ್ತು. ಶಾಲೆಗಳ ಹೆಸರು ಇಲ್ಲಿ ಬೇಡ.

ನಾನು ಅಲ್ಲಿಗೆ ಹೋದ ವರ್ಷವೇ ಒಂದು ಸಂಜೆ ಎಸ್ಟೇಟ್ ಜೀಪಿನಲ್ಲಿ ಒಬ್ಬ ಹುಡುಗನನ್ನು ತಂದರು. ಶಾಲೆ ಬಿಟ್ಟ ಮೇಲೆ ಹಾಕಿ ಆಡುತ್ತಿದ್ದವನು ಹಾಗೇ ಕುಸಿದಿದ್ದ. ಬಿದ್ದಾಗ ಕಾಲು ಅದುರಿದ್ದರಿಂದ ಫಿಟ್ಸ್ ಎಂದುಕೊಂಡು ಅವನ ಕೈಗೆ ಬೀಗದಕೈ ಗೊಂಚಲು ಹಿಡಿಸಿದ್ದರು, ಬಾಯಿಗೆ ನೀರು ಹೊಯ್ದಿದ್ದರು. ನಾನು ನೋಡುವ ಹೊತ್ತಿಗೆ ಮೈ ತಣ್ಣಗಾಗಿತ್ತು. ಹೃದಯ ಇದ್ದಕ್ಕಿದ್ದಂತೆ ನಿಂತಾಗ ಮೈ ಹಾಗೆ ಅದುರುವುದುಂಟು, ಬೀಗದಕೈಗೂ ಅದಕ್ಕೂ ಸಂಬಂಧವಿಲ್ಲ ಎಂದು ಯಾರಿಗೆ ಹೇಳುವುದು?

ಆಗಷ್ಟೇ ವೈದ್ಯಕೀಯ ಪತ್ರಿಕೆಗಳಲ್ಲಿ ಒಂದು ಹೊಸ ವಿಧಾನದ ಸುದ್ದಿ ಬರುತ್ತಿತ್ತು. ಎದೆ ಕೊಯ್ಯದೆ, ಎದೆಯ ನಡುವಿನ ಮೂಳೆಯ ಮೇಲೆ ಅಂಗೈಯಿಟ್ಟು ತಾಳ ಹಿಡಿದು ಒತ್ತಿದರೆ ನಿಂತ ಹೃದಯದಿಂದ ಒಂದಿಷ್ಟು ರಕ್ತ ಮಿದುಳಿಗೆ ಹೋಗುತ್ತದೆ. ಜೊತೆಗೆ ಬಾಯಿಯಿಂದ ಬಾಯಿಗೆ ಉಸಿರು ಕೊಡಬೇಕು. ಇದಕ್ಕೆ ಡಾಕ್ಟರೇ ಬೇಕೆಂದಿಲ್ಲ. ಬೇಕಾದದ್ದು ಪಕ್ಕದಲ್ಲಿರುವವರ ಕೈ. ಸಂಜೆ ಮೈದಾನದಲ್ಲಿ ಮಕ್ಕಳ ಪಕ್ಕದಲ್ಲಿರುವುದು ಡ್ರಿಲ್ ಮಾಸ್ಟ್ರು. ಅವರಿಗೇ ಕಲಿಸೋಣ ಎಂದು ಹೊರಟೆ.

ನಾಲ್ಕು ಶಾಲೆಗಳ ಮಾಸ್ಟ್ರುಗಳನ್ನು ಡಿಸ್ಪೆನ್ಸರಿಯ ಜಗಲಿಗೆ ಕರೆಸಿದೆ. ಕಾಫಿ ಹೊಟ್ಟು ತುಂಬಿದ ಗೋಣಿಚೀಲವೇ ನಮ್ಮ ರೋಗಿ. ಹೆಂಗಸಾದ ನಾನು ಹೇಳುತ್ತೇನೆ, ಗಂಡಸರು ಚೀಲದ ಮೇಲೆ ಮೊಣಕಾಲೂರಿ ಒತ್ತುತ್ತಾರೆ. ನೋಡಲು ಅರ್ಧ ಊರು ನೆರೆದಿತ್ತು. ಬಾಯಿಗೆ ಬಾಯಿ ಎಂದಾಗ ಅಮ್ಮತ್ತಿ ಕಡೆಯ ಒಬ್ಬ ಮಾಸ್ಟ್ರು ಎದ್ದು ನಿಂತರು.

“ಡಾಕ್ಟ್ರಮ್ಮ, ಎಲ್ಲರ ಎಂಜಲು ಬಾಯಿಗೆ ಹಾಕಿಕೊಂಡ್ರೆ ನಂಗೆ ಹೆಣ್ಣು ಕೊಡುವವರು ಯಾರು?”

“ಮಧ್ಯೆ ಕರ್ಚೀಫು ಹಾಕಿ. ಹೆಣ್ಣು ನಾನು ಹುಡುಕಿ ಕೊಡ್ತೇನೆ,” ಎಂದೆ. ಎಲ್ಲರೂ ನಕ್ಕರು. ನಗದವರು ಬೆಳ್ಯಪ್ಪ ಮಾಸ್ಟ್ರು ಒಬ್ಬರೇ. ಸಂಪಾಜೆ ಕಡೆಯ ಅರೆಭಾಷೆ ಗೌಡರು, ನಲವತ್ತರ ಹತ್ತಿರದವರು, ಮಾತು ಕಡಿಮೆ. “ಒತ್ತಿದ್ರೆ ಬದುಕ್ತಾನಾ?” ಎಂದು ಕೇಳಿದರು. “ಬದುಕಬಹುದು,” ಎಂದೆ. ಅವರು ಮತ್ತೆ ಚೀಲದ ಮುಂದೆ ಕೂತರು.

ಮರುವರ್ಷ ಮಳೆ ಬಿಟ್ಟ ಮೇಲೆ ಹಾಕಿ ಅಭ್ಯಾಸ ಶುರುವಾಯಿತು. ಬೆಳ್ಯಪ್ಪನವರ ಶಾಲೆಯ ಜವಾನ ಒಂದು ಸಂಜೆ ಸೈಕಲ್ ತುಳಿದುಕೊಂಡು ಬಂದು, ಏದುಸಿರಿನಲ್ಲಿ, “ಚಿಣ್ಣಪ್ಪ ಬಿದ್ದ, ಮಾಸ್ಟ್ರು ಒತ್ತುತ್ತಾ ಇದ್ದಾರೆ,” ಎಂದ. ಪಕ್ಕದ ಎಸ್ಟೇಟಿನ ಜೀಪು ಸಿಗುವಷ್ಟರಲ್ಲಿ ಇನ್ನಷ್ಟು ಹೊತ್ತು ಹೋಯಿತು.

ಚಿಣ್ಣಪ್ಪ ಒಂಬತ್ತನೇ ತರಗತಿಯವನು. ಗದ್ದೆ, ಸ್ವಲ್ಪ ಕಾಫಿ ಇದ್ದ ದೇವಯ್ಯನವರ ಮಗ. ಬಿದ್ದ ಜಾಗದಲ್ಲೇ ಮಲಗಿದ್ದ. ಯಾರೂ ಬೀಗದಕೈ ತಂದಿರಲಿಲ್ಲ, ನೀರು ಹೊಯ್ದಿರಲಿಲ್ಲ. ಬೆಳ್ಯಪ್ಪನವರು ಒತ್ತುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಇಂಗ್ಲಿಷ್ ಮಾಸ್ಟ್ರು ಕರ್ಚೀಫು ಹಾಕಿ ಉಸಿರು ಕೊಡುತ್ತಿದ್ದರು. ಕೈ ಇಟ್ಟ ಜಾಗ, ಒತ್ತುವ ಆಳ, ತಾಳ ಎಲ್ಲ ಸರಿಯಾಗಿತ್ತು. ಒತ್ತಿದಾಗಲೆಲ್ಲ ಕುತ್ತಿಗೆಯ ನಾಡಿ ನನ್ನ ಬೆರಳಿಗೆ ಸಿಕ್ಕುತ್ತಿತ್ತು, ಬಿಟ್ಟರೆ ಇಲ್ಲ. ನಿಂತಿತೆಂದು ನಾವು ಹೇಳುವ ಹೃದಯ ಎಷ್ಟೋ ಸಲ ತಾಳ ತಪ್ಪಿ ಸುಮ್ಮನೆ ಅದುರುತ್ತಿರುತ್ತದೆ. ಅದನ್ನು ದಾರಿಗೆ ತರಲು ವಿದ್ಯುತ್ತಿನ ಒಂದು ಹೊಡೆತ ಬೇಕು. ಆ ಯಂತ್ರದ ಹೆಸರು ಡಿಫಿಬ್ರಿಲೇಟರ್. ನಾನು ಅದರ ಚಿತ್ರ ನೋಡಿದ್ದೆನೇ ಹೊರತು ಯಂತ್ರ ನೋಡಿರಲಿಲ್ಲ. ನನ್ನ ಚೀಲದಲ್ಲಿದ್ದ ಅಡ್ರಿನಲಿನ್ ಚುಚ್ಚಿದೆ. ಏನೂ ಆಗಲಿಲ್ಲ. ಕಣ್ಣಿನ ಪಾಪೆಗಳು ಹಿಗ್ಗಿ ನಿಂತುಬಿಟ್ಟವು.

“ಸಾಕು ಮಾಸ್ಟ್ರೇ,” ಎಂದೆ.

“ನೀವು ಹೇಳ್ಬೇಡಿ,” ಎಂದರು ಅವರು, ಕೈ ನಿಲ್ಲಿಸದೆ. ಕೊನೆಗೆ ನಾನೇ ಅವರ ಕೈ ಹಿಡಿದು ಎತ್ತಬೇಕಾಯಿತು.

ಶವಕ್ಕೆ ಸ್ನಾನ ಮಾಡಿಸುವಾಗ ಮನೆಯ ಹಿರಿಯರು ಎದೆ ನೋಡಿದರು. ನಡುವೆ ನೀಲಿಗಟ್ಟಿತ್ತು, ಮುಟ್ಟಿದರೆ ಎರಡು ಪಕ್ಕೆಲುಬು ಒಳಗೆ ಹೋಗುತ್ತಿದ್ದವು. ಬಲವಾಗಿ ಒತ್ತಿದರೆ ಪಕ್ಕೆಲುಬು ಮುರಿಯುವುದುಂಟು. ಸರಿಯಾಗಿ ಒತ್ತಿದ ಕೈಯಲ್ಲೂ ಮುರಿಯುತ್ತದೆ. ಅದನ್ನು ಆ ಅಂಗಳದಲ್ಲಿ ಹೇಳುವವರು ಯಾರೂ ಇರಲಿಲ್ಲ. ಮಣ್ಣು ಮಾಡಿ ಬರುವಷ್ಟರಲ್ಲಿ, ಮಾಸ್ಟ್ರು ಹುಡುಗನ ಎದೆ ಮುರಿದು ಕೊಂದ ಎಂಬ ಮಾತು ಸಂತೆಯವರೆಗೆ ಹೋಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದರು ಜನ.

ಹೆಡ್‌ಮಾಸ್ಟ್ರು ಶಾಲೆಯಲ್ಲಿ ಸಭೆ ಕರೆದರು. ನಾನು ಬೋರ್ಡಿನ ಮೇಲೆ ಹೃದಯ ಬರೆದೆ, ಮೂಳೆ ಬರೆದೆ, ಬಾಯಿ ಒಣಗುವವರೆಗೆ ವಿವರಿಸಿದೆ. ದೇವಯ್ಯನವರು ಮುಂದಿನ ಬೆಂಚಿನಲ್ಲಿ ಟೋಪಿ ತೊಡೆಯ ಮೇಲಿಟ್ಟು ಕೂತಿದ್ದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

“ಒತ್ತದಿದ್ರೆ ಅವ ಬದುಕ್ತಿದ್ನಾ ಡಾಕ್ಟ್ರಮ್ಮ?”

“ಇಲ್ಲ.”

“ಒತ್ತಿದ್ರೂ ಬದುಕಲಿಲ್ಲ. ಮತ್ತೆ ಎಂತಕ್ಕೆ ಒತ್ತಿದ್ದು? ಹುಡುಗ ಇಡೀ ಮೈಯಲ್ಲಾದ್ರೂ ಹೋಗ್ತಿದ್ದ.”

ಬದುಕುವ ದಾರಿ ಇದ್ದದ್ದು ಅದೊಂದೇ ಎಂದೆ. ಅವರು ತಲೆಯಾಡಿಸಿದರು. ನನ್ನ ಮಾತು ಅವರಿಗೆ ಅರ್ಥವಾಗಿತ್ತು ಎಂದೇ ಈಗಲೂ ನಂಬಿದ್ದೇನೆ. ಅರ್ಥವಾದದ್ದರಿಂದ ಅವರಿಗೆ ಏನೂ ಸಿಗಲಿಲ್ಲ. ಬೆಳ್ಯಪ್ಪನವರು ಬಾಗಿಲ ಬಳಿ ನಿಂತಿದ್ದರು. ದೇವಯ್ಯನವರು ಹೊರಗೆ ಹೋಗುವಾಗ ಅವರ ಮುಖ ನೋಡದೆ ಹಾದುಹೋದರು. ಉಳಿದವರೂ ಹಾಗೇ ಮಾಡಿದರು.

ಆ ವಾರದಿಂದ ಮಕ್ಕಳು ಸಂಜೆ ಅಭ್ಯಾಸಕ್ಕೆ ಬರುವುದು ನಿಂತಿತು. ಮಾಸ್ಟ್ರ ಕೈಗೆ ಮಗ ಸಿಗಬಾರದು ಎಂದು ತಾಯಂದಿರೇ ಬಂದು ಗೇಟಿನಲ್ಲಿ ಕಾಯುತ್ತಿದ್ದರು. ಬೇಸಿಗೆ ರಜೆಯಲ್ಲಿ ಬೆಳ್ಯಪ್ಪನವರೇ ವರ್ಗ ಕೇಳಿಕೊಂಡು ಊರ ಕಡೆ ಹೋದರು. ನನಗೆ ಹೇಳಿ ಹೋಗಲಿಲ್ಲ, ನಾನೂ ಹುಡುಕಿಕೊಂಡು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು? ತರಬೇತಿ ಸದ್ಯಕ್ಕೆ ಬೇಡ ಎಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿದರು. ಊರ ಬಾಯಿಗೆ ಹೆದರದ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಇದಾದ ಮರುವರ್ಷ ಅಮ್ಮತ್ತಿ ಕಡೆಯ ಶಾಲೆಯಲ್ಲಿ ವಾಲಿಬಾಲ್ ಆಡುತ್ತಿದ್ದ ಹುಡುಗಿ ಬಿದ್ದಳು. ಪಕ್ಕದಲ್ಲಿ ನಿಂತಿದ್ದವರು, ಹೆಣ್ಣು ಕೊಡುವವರು ಯಾರು ಎಂದು ಜಗಲಿಯಲ್ಲಿ ಕೇಳಿದ್ದ ಅದೇ ಮಾಸ್ಟ್ರು. ಹುಡುಗಿಯನ್ನು ಎತ್ತಿ ಲಾರಿಗೆ ಹಾಕಿದರು. ದಾರಿಯಲ್ಲೇ ಎಲ್ಲ ಮುಗಿದಿತ್ತು. ಮಾಸ್ಟ್ರು ನಮ್ಮ ಡಿಸ್ಪೆನ್ಸರಿಯ ಗೋಡೆಗೆ ಒರಗಿ ನಿಂತಿದ್ದರು.

“ಗೊತ್ತಿತ್ತು ಡಾಕ್ಟ್ರಮ್ಮ, ನಾಡಿ ಇಲ್ಲ ಅಂತ. ಕೈ ಇಟ್ಟೆ ಕೂಡ. ಬೆಳ್ಯಪ್ಪ ಮಾಸ್ಟ್ರ ನೆನಪಾಯ್ತು, ತೆಗೆದೆ,” ಎಂದರು. ನಾನು ಬೈಯಲಿಲ್ಲ. ಬೈಯುವ ಅಧಿಕಾರ ನನಗಿತ್ತು ಅನ್ನಿಸಲಿಲ್ಲ. ಆ ಹುಡುಗಿಯ ಮನೆಯವರು ಅವರನ್ನು ಕೈಮುಗಿದು ಕಳಿಸಿದರು, ತಮ್ಮ ಮಗಳನ್ನು ಅಷ್ಟು ದೂರ ತಂದದ್ದಕ್ಕೆ.

ಕೈಗೆ ಕಲಿಸುವುದು ಒಂದು ಮಧ್ಯಾಹ್ನದ ಕೆಲಸ. ಆ ಕೈ ಸೋತಾಗ ಊರು ಅದನ್ನು ಬಿಟ್ಟುಕೊಡದಂತೆ ಮಾಡುವ ಕೆಲಸ ನನಗೆ ಯಾವ ಕಾಲೇಜಿನಲ್ಲೂ ಯಾರೂ ಕಲಿಸಿರಲಿಲ್ಲ. ಬೇರೆ ಜಿಲ್ಲೆಗೆ ವರ್ಗವಾದ ಮೇಲೆ ಮತ್ತೆ ಮಾಸ್ಟ್ರುಗಳನ್ನು ಸೇರಿಸಿದೆ. ಈ ಸಲ ಗೋಣಿಚೀಲ ಬಿಚ್ಚುವ ಮೊದಲೇ ಹೇಳುತ್ತಿದ್ದೆ: ನೀವು ಎಷ್ಟು ಸರಿಯಾಗಿ ಒತ್ತಿದರೂ ಮಗು ಹೆಚ್ಚಾಗಿ ಸಾಯುತ್ತದೆ, ಪಕ್ಕೆಲುಬು ಮುರಿಯುತ್ತದೆ, ಊರು ನಿಮ್ಮನ್ನೇ ಬೈಯುತ್ತದೆ. ಅರ್ಧದಷ್ಟು ಜನ ಎದ್ದು ಹೋಗುತ್ತಿದ್ದರು. ಉಳಿದವರಿಗೆ ಕಲಿಸಿದೆ. ಅವರಲ್ಲಿ ಕೆಲವರು ಒತ್ತಿದ ಸುದ್ದಿ ಬಂತು. ಯಾರಾದರೂ ಬದುಕಿದ ಸುದ್ದಿ ನಾನು ನಿವೃತ್ತಳಾಗುವವರೆಗೆ ಬರಲಿಲ್ಲ.