ಓಲೆ ಬಿಚ್ಚದ ಚನ್ನಾಜಮ್ಮ

ಹೊನ್ನೂರಿನಲ್ಲಿ ಮದುವೆಯೆಂದರೆ ಚಪ್ಪರದವನಿಗಿಂತ ಮೊದಲು ಚನ್ನಾಜಮ್ಮನಿಗೆ ಹೇಳಿಕಳಿಸಬೇಕು. ಅವಳು ಸೋಬಾನೆ ಎತ್ತಿ, ಎದುರು ಸಾಲಿನ ಹೆಂಗಸರು ಸೊಲ್ಲು ತಿರುಗಿಸದಿದ್ದರೆ ಅದೆಂಥ ಮದುವೆ?

ಕಬ್ಬು ಕಡಿದು ಸೊಂಟ ಬಿದ್ದಿದ್ದ ಅವಳಿಗೆ ಕೊಳ್ಳೇಗಾಲದ ಹೊರಗಿನ ಗಿಡಮೂಲಿಕೆ ಘಟಕದಲ್ಲಿ ನೆರಳಿನ ಕೆಲಸ ಸಿಕ್ಕಿತು. ಬಿಡುವ ಮಾತೇ ಇಲ್ಲ. ಮಧುನಾಶಿನಿ ಸೊಪ್ಪಿನ ಪುಡಿ ಕಲಸಿದ ನೀರಿಗೆ ಯಂತ್ರದ ಸರಳು ಇಳಿಸಬೇಕು. ಕಿವಿಗೆ ನಿಲುಕದಷ್ಟು ಮೇಲಿನ ಶ್ರುತಿಯ ಸದ್ದಿಗೆ ಸೊಪ್ಪು ಅದುರಿ ಒಡೆದು, ಒಲೆ ಹಚ್ಚದೆಯೇ ಸತ್ವ ಬಿಡುತ್ತದೆ. ನಿಲುಕದ್ದು ಎಂಬುದು ಹೇಳುವ ಮಾತು. ಜೊತೆಗೇ ಹೊರಡುವ ಕೀರಲು ಹಲ್ಲನ್ನೂ ಜುಮ್ಮೆನ್ನಿಸುತ್ತದೆ.

ಅದಕ್ಕೇ ಕಿವಿ ಮುಚ್ಚಲು ದಪ್ಪನೆಯ ಕವಚ ಕೊಟ್ಟಿದ್ದರು. ಚನ್ನಾಜಮ್ಮನದು ಧಾರೆಯ ದಿನ ಏರಿಸಿದ ಅಗಲ ಓಲೆ. ಕವಚ ಒತ್ತಿದರೆ ಕಿವಿ ಹರಿದಂತಾಗುತ್ತಿತ್ತು.

"ಓಲೆ ಬಿಚ್ಚಿಟ್ಟು ಹಾಕ್ಕೊಳ್ಳಿ ಅಮ್ಮ," ಎಂದಳು ಮೇಲ್ವಿಚಾರಕಿ ನಾಗಶ್ರೀ.

"ಗಂಡ ಗಟ್ಟಿಮುಟ್ಟಾಗಿರುವಾಗ ಬರಿಗಿವೀಲಿ ಕೂರಾದಾ ಮೇಡಂ? ಓಲೆಭಾಗ್ಯ ಕಣವ್ವ ಅದು."

ಕವಚ ಕುತ್ತಿಗೆಗೆ ಇಳಿಯಿತು, ಸೆರಗು ತಲೆಗೆ ಏರಿತು. ಸೆರಗು ಬಿಸಿಲು ತಡೆದೀತು, ಸದ್ದು ತಡೆದೀತೇ?

ಬೇಸಿಗೆ ಕಳೆಯುವಷ್ಟರಲ್ಲಿ ಕಿವಿಯೊಳಗೆ ಗುಂಯ್ ಶುರುವಾಯಿತು. ಶೀತವೆಂದು ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡಳು. ಹಾಡುವ ಪದ ಹೋದರೆ ತನ್ನಲ್ಲಿ ಇನ್ನೇನು ಉಳಿಯುತ್ತದೆ ಎಂಬ ಹೆದರಿಕೆ. ಕಿವಿ ಮಂದವಾಗಿದ್ದನ್ನು ಮಾತ್ರ ಯಾರಿಗೂ ತಿಳಿಯಗೊಡಲಿಲ್ಲ.

ಅಗರ ಎಂಬ ಊರಿನ ಮದುವೆಯಲ್ಲಿ ಗುಟ್ಟು ರಟ್ಟಾಯಿತು. ಎದುರಿನವರ ಸೊಲ್ಲು ಮುಗಿಯುವ ಮೊದಲೇ ಇವಳು ಮುಂದಿನ ನುಡಿ ಎತ್ತಿದಳು. ಮತ್ತೆ ಹಾಗೇ ಆಯಿತು. ಜೊತೆಗಾತಿ ಪುಟ್ಟಗೌರಮ್ಮ ಅವಳ ಕೈ ಒತ್ತಿ ಸುಮ್ಮನಾಗಿಸಿ, ತಾನೇ ಹಾಡಿ ಮುಗಿಸಿದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಗಂಡ ಪುಟ್ಟಮಾದಪ್ಪ ಚಪ್ಪರದಲ್ಲೇ ಕೂತು ಎಲ್ಲ ನೋಡಿದ್ದ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟವಳನ್ನು ಜಗುಲಿಯಲ್ಲಿ ತಡೆದ. ಯಾವ ಗಂಡನೂ ಹೆಂಡತಿಗೆ ಹೇಳುವ ಮಾತಲ್ಲ ಅದು. ತಲೆ ತಗ್ಗಿಸಿ ಮೆಲ್ಲಗೆ ಹೇಳಿದ.

"ಏನಂದ್ರಿ?"

ಇನ್ನೊಮ್ಮೆ ಹೇಳಿದ. ಅವಳು ಅವನ ತುಟಿಯನ್ನೇ ನೋಡುತ್ತ ನಿಂತಳು.

ಕೊನೆಗೆ ಅವನು ಗಂಟಲು ಬಿರಿಯುವಂತೆ ಕೂಗಿದ: "ಓಲೆ ಬಿಚ್ಚಮ್ಮಿ. ನಾನು ಸತ್ತೋದೆ ಅಂತ್ಲೇ ಅನ್ಕೊ. ನಿನ್ ಕಿವಿ ಉಳ್ಕಳ್ಲಿ."

ಎದುರು ಮನೆಯವರು ಹೊರಗೆ ಬಂದರು. ನಲ್ಲಿಯ ಹತ್ತಿರದ ಹೆಂಗಸರು ಬಿಂದಿಗೆ ಬಿಟ್ಟು ತಿರುಗಿದರು. ಚನ್ನಾಜಮ್ಮನಿಗೂ ಈ ಸಲ ಕೇಳಿಸಿತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಅಳುತ್ತಾ ಓಲೆಯ ತಿರುಪಿಗೆ ಕೈ ಹಾಕಿದಳು.